ಪ್ಲಾಟಿಯಾದ ಖಾಲಿ ಗೋರಿಗಳು: ಹೆರೊಡೋಟಸನ ಮಾತನ್ನು ಎಷ್ಟು ನಂಬಬಹುದು?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಗ್ರೀಕ್ ಇತಿಹಾಸಕಾರ ಹೆರೊಡೋಟಸನ ಇತಿಹಾಸದ ಕೊನೆಯ ಪುಸ್ತಕ, ಒಂಬತ್ತನೆಯದು, ಓದುತ್ತಿದ್ದೇನೆ. ಅದರ 85ನೇ ಭಾಗಕ್ಕೆ ಬಂದು ನಿಂತುಬಿಟ್ಟಿದ್ದೇನೆ, ಮುಂದೆ ಹೋಗಲು ಮನಸ್ಸಾಗುತ್ತಿಲ್ಲ.

ಕ್ರಿ.ಪೂ. 479. ಗ್ರೀಸಿನ ಪ್ಲಾಟಿಯಾ ಊರಿನ ಬಯಲಿನಲ್ಲಿ, ಒಟ್ಟಾಗಿ ನಿಂತ ಗ್ರೀಕ್ ಊರುಗಳ ಎದುರು ಪರ್ಷಿಯನ್ನರು ಸೋತಿದ್ದಾರೆ, ಅವರ ದಂಡನಾಯಕ ಮಾರ್ಡೋನಿಯಸ್ ಸತ್ತಿದ್ದಾನೆ, ಲೂಟಿ ಹಂಚಿಕೆಯೂ ಮುಗಿದಿದೆ. ಇನ್ನು ಉಳಿದದ್ದು ಸತ್ತವರನ್ನು ಹೂಳುವ ಕೆಲಸ. ಸ್ಪಾರ್ಟಾದವರು ಮೂರು ಗೋರಿ ಮಾಡಿದರು, ಮೂರನೆಯದರಲ್ಲಿ ಅವರ ಜೀತದಾಳುಗಳಾದ ಹೆಲಟರು. ಟೆಜಿಯಾದವರು ತಮ್ಮವರನ್ನೆಲ್ಲ ಒಂದೇ ಕಡೆ ಹೂಳಿದರು, ಅಥೆನ್ಸಿನವರೂ ಹಾಗೇ. ಮೆಗಾರ ಮತ್ತು ಫ್ಲಿಯಸ್ ಊರಿನವರು ಕುದುರೆದಳಕ್ಕೆ ಸಿಕ್ಕಿ ಸತ್ತವರನ್ನು ಹೂಳಿದರು. ಇವೆಲ್ಲ ಒಳಗೆ ಹೆಣ ಇದ್ದ ಗೋರಿಗಳು. ಇಷ್ಟು ಹೇಳಿ ಹೆರೊಡೋಟಸ್ ಒಂದು ಮಾತು ಸೇರಿಸುತ್ತಾನೆ: ಪ್ಲಾಟಿಯಾದಲ್ಲಿ ಕಾಣುವ ಬೇರೆ ಊರುಗಳ ಗೋರಿಗಳೆಲ್ಲ ಬರೀ ಮಣ್ಣಿನ ದಿಬ್ಬ, ಕಾಳಗಕ್ಕೆ ಒದಗದ ನಾಚಿಕೆಗೆ, ಮುಂದೆ ಬರುವ ಜನ ನೋಡಲೆಂದು ಎಬ್ಬಿಸಿದ್ದು. ಈಜಿನಾ ದ್ವೀಪದವರದ್ದು ಅನ್ನುವ ಗೋರಿಯಂತೂ ಹತ್ತು ವರ್ಷದ ಮೇಲೆ, ಅವರು ಕೇಳಿಕೊಂಡರೆಂದು ಪ್ಲಾಟಿಯಾದ ಕ್ಲಿಯಾಡೀಸ್ ಎಂಬಾತ ಕಟ್ಟಿಸಿದ್ದಂತೆ.

ನನಗೆ ಎರಡು ಪ್ರಶ್ನೆ. ದಿಬ್ಬದೊಳಗೆ ಹೆಣ ಇಲ್ಲವೆಂದು ಇವನಿಗೆ ಹೇಗೆ ಗೊತ್ತಾಯಿತು? ಗ್ರೀಕರಲ್ಲಿ ಖಾಲಿ ಗೋರಿ ಅಂದರೆ ಯಾವಾಗಲೂ ಇಂಥ ಮೋಸವೇ ಆಗಿತ್ತೇ?

ಹಳೆಯ ಪಾಠ

ಒಳ್ಳೆಯ ಕಡೆ ನಿಂತಿದ್ದೀರಿ. ಆ ಭಾಗವನ್ನು ತರಗತಿಯಲ್ಲಿ ಓದಿಸುವಾಗ ನಾನು ಒಂದು ವಿಷಯ ತಪ್ಪದೆ ತೋರಿಸುತ್ತಿದ್ದೆ. ಹೆಣ ಇದ್ದ ಗೋರಿಗಳ ಬಗ್ಗೆ ಹೆರೊಡೋಟಸ್ ನೇರವಾಗಿ ಹೇಳುತ್ತಾನೆ. ಖಾಲಿ ಗೋರಿಗೆ ಬಂದ ಕೂಡಲೇ ‘ನಾನು ವಿಚಾರಿಸಿ ತಿಳಿದಂತೆ’ ಎನ್ನುತ್ತಾನೆ, ಈಜಿನಾದ ಗೋರಿಗೆ ಬಂದಾಗ ‘ನಾನು ಕೇಳಿದಂತೆ’ ಎನ್ನುತ್ತಾನೆ. ಕಣ್ಣಿಗೆ ಕಂಡದ್ದು ದಿಬ್ಬ. ಒಳಗೇನಿದೆ ಎಂಬುದು ಬೇರೆಯವರ ಮಾತು. ಈ ಎರಡನ್ನೂ ಅವನು ಬೆರೆಸಿಲ್ಲ, ಓದುವವನಿಗೆ ಕಾಣುವ ಹಾಗೆ ಬೇರೆಬೇರೆ ಇಟ್ಟಿದ್ದಾನೆ.

ಹಾಗಾದರೆ ಯಾರ ಮಾತು? ಕ್ಲಿಯಾಡೀಸನ ಹೆಸರಿನ ಜೊತೆ ಅವನ ತಂದೆಯ ಹೆಸರನ್ನೂ ಹೇಳುತ್ತಾನೆ, ಆಟೊಡಿಕಸ್ ಎಂದು. ಅವನು ಈಜಿನಾದ ಪ್ರಾಕ್ಸಿನಸ್ ಆಗಿದ್ದ ಎಂದೂ ಹೇಳುತ್ತಾನೆ. ಪ್ರಾಕ್ಸಿನಸ್ ಅಂದರೆ ತನ್ನ ಊರಿನಲ್ಲೇ ಇದ್ದುಕೊಂಡು ಪರ ಊರಿನವರ ಕೆಲಸಕಾರ್ಯ ನೋಡಿಕೊಳ್ಳುವ ಗೌರವಸ್ಥ. ಇಷ್ಟು ಖಚಿತವಾದ ವಿವರ ಗಾಳಿಮಾತಿನಲ್ಲಿ ಸಿಗುವುದಿಲ್ಲ. ಹೆರೊಡೋಟಸ್ ಪ್ಲಾಟಿಯಾಕ್ಕೆ ಹೋಗಿ ಊರಿನವರನ್ನು ಕೇಳಿರಬೇಕು ಎಂದು ನನಗೆ ಅನಿಸುವುದು ಇದರಿಂದಲೇ. ತಮ್ಮ ಹೊಲದಲ್ಲಿ ಯಾವ ದಿಬ್ಬ ಯಾವಾಗ ಎದ್ದಿತು ಎಂದು ಆ ಊರಿನವರಿಗೆ ಗೊತ್ತಿರುತ್ತದಲ್ಲ.

ಬೆಳವಲ

ಮೇಷ್ಟ್ರ, ನೀವು ಹೆರೊಡೋಟಸನ ಪರ ಭಾಳ ಮೆತ್ತಗ ಮಾತಾಡಾಕತ್ತೀರಿ. ಅದೇ ಒಂಬತ್ತನೇ ಪುಸ್ತಕದ 28ನೇ ಭಾಗ ತಗದು ನೋಡ್ರಿ. ಯಾವ ಊರಿಂದ ಎಷ್ಟು ಮಂದಿ ಸಾಲಾಗಿ ನಿಂತಿದ್ರು ಅಂತ ಪಟ್ಟಿ ಕೊಟ್ಟಾನ. ಅದರಾಗ ಈಜಿನಾದವರು 500 ಮಂದಿ ಅದಾರ. ಕೊರಿಂಥಿನವರು 5,000. ಅಲ್ಲಿ ಲೆಕ್ಕಕ್ಕ ಹಿಡದವರನ್ನ ಇಲ್ಲಿ ಯುದ್ಧಕ್ಕ ಒದಗಲಿಲ್ಲ ಅಂತಾನ. ಎರಡರಾಗ ಯಾವುದು ಖರೆ?

ಇನ್ನೊಂದು. ಇವನು ಬರಿಯೂ ಹೊತ್ತಿಗೆ ಅಥೆನ್ಸಿಗೂ ಈಜಿನಾಕ್ಕೂ ಹಾವು ಮುಂಗುಸಿ ವೈರ. ಕ್ರಿ.ಪೂ. 431ರಾಗ ಅಥೆನ್ಸಿನವರು ಈಜಿನಾದ ಮಂದೀನ ಹೆಂಡರು ಮಕ್ಕಳ ಸಮೇತ ಊರು ಬಿಡಿಸಿದ್ರು. ಅಥೆನ್ಸಿನಾಗ ಕೇಳಿದ ಮಾತನ್ನ ಬರದಿದ್ರ ಈಜಿನಾದವರ ಮಾನ ಹೋಗೂದು ಖಾತ್ರಿ. ಮಾರ್ಡೋನಿಯಸನ ಹೆಣಾನ ಕಂಬಕ್ಕ ಏರಸ್ರಿ ಅಂತ ಸ್ಪಾರ್ಟಾದ ದಂಡನಾಯಕ ಪೌಸೇನಿಯಸನಿಗೆ ಕೆಟ್ಟ ಸಲಹಾ ಕೊಟ್ಟವನೂ ಈಜಿನಾದವನ. ಹೆಲಟರು ಕದ್ದು ತಂದ ಬಂಗಾರಾನ ಹಿತ್ತಾಳಿ ರೇಟಿಗೆ ಕೊಂಡು ಸಾವಕಾರ ಆದವರೂ ಈಜಿನಾದವರ. ಎಲ್ಲಾ ಕೆಡಕೂ ಒಂದ ಊರಿನ ತಲಿ ಮ್ಯಾಲೆ ಬಂದ್ರ ನನಗ ಅನುಮಾನ ಬರತೈತಿ.

ಲೆಕ್ಕಪತ್ರ

ಸಂಖ್ಯೆಗಳನ್ನು ಒಂದು ಕಡೆ ಇಡುತ್ತೇನೆ. ಪರ್ಷಿಯನ್ನರ ಜೊತೆ ನೇರ ಕಾದಾಡಿ ಸತ್ತವರು ಎಂದು ಹೆರೊಡೋಟಸ್ ಹೇಳುವುದು ಸ್ಪಾರ್ಟಾದ 91, ಟೆಜಿಯಾದ 16, ಅಥೆನ್ಸಿನ 52. ಒಟ್ಟು 159. ಇದಲ್ಲದೆ ಮೆಗಾರ ಮತ್ತು ಫ್ಲಿಯಸಿನವರಲ್ಲಿ 600 ಮಂದಿಯನ್ನು, ಪರ್ಷಿಯನ್ನರ ಕಡೆ ಸೇರಿದ್ದ ಥೀಬ್ಸ್ ಎಂಬ ಗ್ರೀಕ್ ಊರಿನ ಕುದುರೆ ಸವಾರರು ಕಡಿದರು ಎನ್ನುತ್ತಾನೆ. ಕೂಡಿದರೆ 759.

ಎಷ್ಟೋ ಕಾಲದ ಮೇಲೆ ಬಂದ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದ, ಪ್ಲಾಟಿಯಾದಲ್ಲಿ ಅಥೆನ್ಸಿನ ದಂಡನಾಯಕನಾಗಿದ್ದ ಅರಿಸ್ಟೈಡೀಸನ ಜೀವನಚರಿತ್ರೆಯಲ್ಲಿ ಗ್ರೀಕರ ಕಡೆ ಸತ್ತವರು 1,360. ಅದರಲ್ಲಿ 759 ಕಳೆದರೆ 601. ಪ್ಲುಟಾರ್ಕನ ಸಂಖ್ಯೆ ಸರಿ ಎಂದಾದರೆ ಈ 601 ಜನರನ್ನು ಎಲ್ಲೋ ಹೂಳಲೇಬೇಕಿತ್ತು. ಹಾಗಾದಾಗ ಹೆರೊಡೋಟಸ್ ಖಾಲಿ ಎಂದ ದಿಬ್ಬಗಳಲ್ಲಿ ಕೆಲವಾದರೂ ಖಾಲಿ ಇರಲಾರವು. ಪ್ಲುಟಾರ್ಕ್ ಬದುಕಿದ್ದು ಯುದ್ಧ ಕಳೆದು ಐದು ಶತಮಾನಗಳಾದ ಮೇಲೆ ಎಂಬುದನ್ನೂ ತೂಕಕ್ಕೆ ಹಾಕಬೇಕು.

ಹಳೆಯ ಪಾಠ

ಬೆಳವಲ ಅವರೇ, 28ಕ್ಕೂ 85ಕ್ಕೂ ನಡುವೆ ಏನಾಯಿತು ಎಂದು ನೋಡೋಣ. ಎಲ್ಲರೂ ಸಾಲಿನಲ್ಲಿ ನಿಂತಿದ್ದು ನಿಜ. ಆದರೆ ಪರ್ಷಿಯನ್ ಕುದುರೆದಳ ಗಾರ್ಗಾಫಿಯಾ ಚಿಲುಮೆಯನ್ನು ಹಾಳುಗೆಡವಿತು. ಕುಡಿಯಲು ನೀರಿಲ್ಲ, ಬೆಟ್ಟದ ಕಣಿವೆಯಲ್ಲಿ ಬರುತ್ತಿದ್ದ ದವಸವೂ ನಿಂತುಹೋಯಿತು. ರಾತ್ರಿಯಲ್ಲಿ ಜಾಗ ಬದಲಿಸುವುದೆಂದು ತೀರ್ಮಾನವಾಯಿತು. ಆಗ ಸಾಲಿನ ನಡುಭಾಗದಲ್ಲಿದ್ದ ಊರುಗಳವರು ಗೊತ್ತುಮಾಡಿದ ಜಾಗಕ್ಕೆ ಹೋಗದೆ ಪ್ಲಾಟಿಯಾ ಊರಿನ ಮುಂದಿದ್ದ ಹೆರಾ ದೇವಿಯ ಗುಡಿಯವರೆಗೆ ಹಿಂದೆ ಸರಿದುಬಿಟ್ಟರು. ಬೆಳಗ್ಗೆ ಸ್ಪಾರ್ಟಾದವರೂ ಟೆಜಿಯಾದವರೂ ಪರ್ಷಿಯನ್ನರನ್ನು ಎದುರಿಸುವಾಗ ಇವರು ಅಲ್ಲಿದ್ದರು. ಗೆಲ್ಲುತ್ತಿದ್ದಾರೆ ಎಂಬ ಸುದ್ದಿ ಬಂದ ಮೇಲೆ ಶಿಸ್ತಿಲ್ಲದೆ ಓಡಿ ಬಂದರು. ಕೊರಿಂಥಿನ ಗುಂಪು ಗುಡ್ಡದ ದಾರಿ ಹಿಡಿಯಿತು. ಮೆಗಾರದ ಗುಂಪು ಬಯಲಿನ ದಾರಿ ಹಿಡಿದು ಥೀಬ್ಸಿನ ಸವಾರರ ಬಾಯಿಗೆ ಬಿತ್ತು.

ಹಾಗಾಗಿ ಅವರು ರಣರಂಗಕ್ಕೆ ಬಂದಿದ್ದರು, ಕಾಳಗದ ಗಳಿಗೆಯಲ್ಲಿ ಇರಲಿಲ್ಲ. ಹೆರೊಡೋಟಸನ ಒಳಗೆ ವಿರೋಧವಿಲ್ಲ. ಈಜಿನಾದ ಮೇಲೆ ಅವನಿಗೆ ದ್ವೇಷವಿತ್ತು ಎಂಬುದನ್ನೂ ನಾನು ಒಪ್ಪುವುದಿಲ್ಲ. ಪ್ಲಾಟಿಯಾಕ್ಕೆ ಹಿಂದಿನ ವರ್ಷ ಪರ್ಷಿಯನ್ನರ ಜೊತೆ ನಡೆದ ಸಲಾಮಿಸ್ ಕಡಲ ಕಾಳಗದಲ್ಲಿ ಎಲ್ಲರಿಗಿಂತ ಹೆಚ್ಚು ಹೆಸರು ಮಾಡಿದವರು ಈಜಿನಾದವರು, ಅವರ ನಂತರ ಅಥೆನ್ಸಿನವರು ಎಂದು ಎಂಟನೇ ಪುಸ್ತಕದಲ್ಲಿ ಬರೆದವನೂ ಇವನೇ. ಅಥೆನ್ಸಿನ ಕಿವಿಮಾತನ್ನು ಬರೀ ನಕಲು ಮಾಡುವವನಾಗಿದ್ದರೆ ಆ ಮಾತು ಬರೆಯುತ್ತಿರಲಿಲ್ಲ.

ಕಲ್ಲುಹುಡುಕ

ಇಲ್ಲಿಗೆ ಒಂದು ಲೋಹದ ಸಾಕ್ಷಿ ತರುತ್ತೇನೆ. ಯುದ್ಧ ಗೆದ್ದ ಮೇಲೆ ಗ್ರೀಕರು ಡೆಲ್ಫಿಯ ಅಪೊಲೊ ಗುಡಿಗೆ ಒಂದು ಕಾಣಿಕೆ ಕೊಟ್ಟರು. ಮೂರು ಹಾವುಗಳು ಹೆಣೆದುಕೊಂಡ ಕಂಚಿನ ಕಂಬ, ಅದರ ಮೇಲೆ ಚಿನ್ನದ ಮುಕ್ಕಾಲಿ ಪೀಠ. ಚಿನ್ನವನ್ನು ಮುಂದಿನ ಶತಮಾನದಲ್ಲಿ ಫೋಕಿಸಿನವರು ಯುದ್ಧದ ಖರ್ಚಿಗೆ ಕರಗಿಸಿದರು. ಕಂಬವನ್ನು ಚಕ್ರವರ್ತಿ ಕಾನ್‌ಸ್ಟಂಟೈನ್ ತನ್ನ ಹೊಸ ರಾಜಧಾನಿಗೆ ಸಾಗಿಸಿದ. ಇವತ್ತಿಗೂ ಅದು ಇಸ್ತಾಂಬುಲ್‌ನಲ್ಲಿ ಸುಲ್ತಾನ್ ಅಹ್ಮದ್ ಮಸೀದಿಯ ಎದುರಿನ ಬಯಲಲ್ಲಿ, ನೆಲಮಟ್ಟಕ್ಕಿಂತ ಕೆಳಗಿನ ಗುಂಡಿಯಲ್ಲಿ ನಿಂತಿದೆ. ಹಾವುಗಳ ತಲೆ ಮುರಿದುಹೋಗಿವೆ. ಒಂದು ತಲೆಯ ತುಂಡು ಅಲ್ಲಿನ ಪುರಾತತ್ವ ಮ್ಯೂಸಿಯಂನಲ್ಲಿದೆ.

ಆ ಕಂಬದ ಸುರುಳಿಗಳ ಮೇಲೆ 31 ಊರುಗಳ ಹೆಸರು ಕೊರೆದಿದೆ. ಮೊದಲು ಸ್ಪಾರ್ಟಾ, ಅಥೆನ್ಸ್, ಕೊರಿಂಥ್. ಈಜಿನಾ ಕೂಡ ಮೇಲಿನ ಸಾಲುಗಳಲ್ಲೇ ಇದೆ. ಶುರುವಿನಲ್ಲಿ ಸ್ಪಾರ್ಟಾದ ದಂಡನಾಯಕ ಪೌಸೇನಿಯಸ್ ತಾನೊಬ್ಬನೇ ಗೆದ್ದೆ ಎಂಬಂತೆ ತನ್ನ ಹೆಸರಿನ ಎರಡು ಸಾಲಿನ ಪದ್ಯ ಕೆತ್ತಿಸಿದ್ದ. ಸ್ಪಾರ್ಟಾದವರೇ ಅದನ್ನು ಅಳಿಸಿ ಊರುಗಳ ಹೆಸರು ಬರೆಸಿದರು ಎಂದು ಹೆರೊಡೋಟಸನ ನಂತರದ ಇತಿಹಾಸಕಾರ ಥುಸಿಡಿಡೀಸ್ ಹೇಳುತ್ತಾನೆ.

ನನಗೆ ಕುತೂಹಲ ಹುಟ್ಟಿಸುವ ಹೆಸರು ಎಲಿಸ್‌ನದು. ಮಾಂಟಿನಿಯಾ ಮತ್ತು ಎಲಿಸ್ ಊರಿನವರು ಯುದ್ಧ ಮುಗಿದ ಮೇಲೆ ಬಂದರು ಎಂದು ಹೆರೊಡೋಟಸ್ ಹೇಳುತ್ತಾನೆ. ಎರಡೂ ಊರಿನವರು ಮನೆಗೆ ಹೋಗಿ ತಮ್ಮ ಮುಂದಾಳುಗಳನ್ನು ಗಡೀಪಾರು ಮಾಡಿದರಂತೆ. ಕಂಬದ ಮೇಲೆ ಮಾಂಟಿನಿಯಾ ಇಲ್ಲ. ಎಲಿಸ್ ಇದೆ! ಅಂದರೆ ಬಾರದವರು ಹೆಸರು ಸೇರಿಸಿಕೊಳ್ಳಲು ಒದ್ದಾಡಿದ್ದು, ಕೆಲವರು ಅದರಲ್ಲಿ ಗೆದ್ದದ್ದು, ಬರೀ ಹೆರೊಡೋಟಸನ ಕಲ್ಪನೆಯಲ್ಲ.

ಬೆಳವಲ

ಈಗ ಮಜಬೂತ್ ಆತು ನೋಡ್ರಿ ಚರ್ಚಾ. ಆದ್ರ ಇದೇ ಕಂಬಾನ ಪ್ಲುಟಾರ್ಕ್ ಉಲ್ಟಾ ಹಿಡದಾನ. ಹೆರೊಡೋಟಸನ ಕೆಟ್ಟ ಬುದ್ಧಿ ಬಗ್ಗೆ ಅವಂದು ಒಂದು ಇಡೀ ಪ್ರಬಂಧನ ಐತಿ. ಮೂರ ಊರಿನವರು ಕಾದಿ ಉಳದವರು ಸುಮ್ಮನ ಕುಂತಿದ್ರ ಇಷ್ಟು ಊರಿನ ಹೆಸರು ಯಾಕ ಬರಸ್ತಿದ್ರು ಅನ್ನೂದು ಅವನ ಸವಾಲು. ಕೊರಿಂಥಿನವರು ಸಾಲಿನ ನಡುವ ನಿಂತಿದ್ರು ಅಂತ ಕವಿ ಸಿಮೊನಿಡೀಸ್ ಬರದ ಸಾಲುಗಳನ್ನೂ ತಂದು ಮುಂದ ಇಡತಾನ. ಈಜಿಪ್ಟಿನ ಆಕ್ಸಿರಿಂಕಸ್ ಊರಾಗ ಸಿಕ್ಕು 1992ರಾಗ ಪ್ರಕಟ ಆದ ಪಪೈರಸ್ ಹಾಳಿ ತುಣುಕಿನಾಗೂ ಸಿಮೊನಿಡೀಸನ ಪ್ಲಾಟಿಯಾ ಪದ್ಯದ ಭಾಗ ಸಿಕ್ಕಾವ. ಯುದ್ಧ ಆದ ಕೂಡಲೇ ಬರದ ಕವಿಗೆ ಕೊರಿಂಥಿನವರು ಕಾಣಸ್ತಾರ, ಅರವತ್ತು ವರ್ಷದ ಮ್ಯಾಲೆ ಬರದ ಇತಿಹಾಸಕಾರಗ ಕಾಣಸೂದಿಲ್ಲ ಅಂದ್ರ ಹೆಂಗ?

ಗೋಧೂಳಿ

ನಾನು ಇಷ್ಟು ಹೊತ್ತು ಓದುತ್ತಿದ್ದೆ. ಪ್ಲುಟಾರ್ಕನ ವಾದದಲ್ಲಿ ನನಗೆ ಒಂದು ಬಿರುಕು ಕಾಣುತ್ತದೆ. ಹಾವಿನ ಕಂಬ ಪ್ಲಾಟಿಯಾಕ್ಕೆ ಮಾತ್ರ ಸೇರಿದ್ದಲ್ಲ, ಇಡೀ ಯುದ್ಧಕ್ಕೆ ಸೇರಿದ್ದು. ಟೀನೋಸ್ ದ್ವೀಪದವರ ಹೆಸರು ಅದರ ಮೇಲೆ ಬಂದದ್ದು ಸಲಾಮಿಸ್ ಹೊತ್ತಿನಲ್ಲಿ ಪರ್ಷಿಯನ್ನರ ಕಡೆಯಿಂದ ಒಂದು ಹಡಗು ತಪ್ಪಿಸಿಕೊಂಡು ಗ್ರೀಕರ ಕಡೆ ಬಂದದ್ದಕ್ಕೆ. ಅದನ್ನು ಹೆರೊಡೋಟಸನೇ ಹೇಳಿದ್ದಾನೆ. ಈಜಿನಾದ ಹೆಸರಿಗೂ ಸಲಾಮಿಸ್ ಒಂದೇ ಸಾಕು. ಕಂಬದಿಂದ ದಿಬ್ಬದೊಳಗಿನ ಹೆಣ ಎಣಿಸಲು ಬರುವುದಿಲ್ಲ.

ಇನ್ನೂ ಮುಖ್ಯವಾದದ್ದು ಅರಿಸ್ಟೈಡೀಸನ ಚರಿತ್ರೆಯಲ್ಲಿದೆ. ಗೆಲುವು ಎಲ್ಲರದೂ ಹೌದು ಎನ್ನಲು ಪ್ಲುಟಾರ್ಕ್ ಕೊಡುವ ಸಾಕ್ಷಿಗಳಲ್ಲಿ ಒಂದು ಸತ್ತವರ ಸಂಖ್ಯೆ, ಇನ್ನೊಂದು ಗೋರಿಗಳು! ಅಲ್ಲಿ ಗೋರಿಗಳಿವೆ, ಆದ್ದರಿಂದ ಅವರು ಕಾದಿದರು ಎನ್ನುತ್ತಾನೆ. ಹೆರೊಡೋಟಸ್ ಎಚ್ಚರಿಸಿದ್ದು ಇದನ್ನೇ ಅಲ್ಲವೇ? ಮುಂದೆ ಬರುವ ಜನ ನೋಡಲೆಂದು ಎಬ್ಬಿಸಿದ ದಿಬ್ಬ ಅಂದ. ಐದು ಶತಮಾನ ಕಳೆದು ಬಂದವನು ನೋಡಿದ, ನಂಬಿದ. ಆ ಮುಂದೆ ಬರುವ ಜನರಲ್ಲಿ ಪ್ಲುಟಾರ್ಕನೂ ಒಬ್ಬ.

ಗ್ರೀಕ್ ಇತಿಹಾಸ ಬರವಣಿಗೆಯಲ್ಲಿ ನನ್ನನ್ನು ಹಿಡಿದಿಡುವ ಜಾಗ ಇದು. ಕಟ್ಟಿದ ಸ್ಮಾರಕ ಒಂದು ಹೇಳುತ್ತದೆ, ವಿಚಾರಿಸಿ ಬರೆದವನು ಇನ್ನೊಂದು ಹೇಳುತ್ತಾನೆ. ಹೆರೊಡೋಟಸ್ ಆ ಸಾಲು ಬರೆಯದಿದ್ದರೆ ನಮಗೆ ದಿಬ್ಬದ ಮಾತೊಂದೇ ಉಳಿಯುತ್ತಿತ್ತು. ದಿಬ್ಬವೂ ಹೋದ ಮೇಲೆ ಅದೂ ಇಲ್ಲ.

ತುಂಗಾತೀರ

ಗೋಧೂಳಿ ಅಕ್ಕ, ಇದು ನನಗೆ ಹೊಳೆದೇ ಇರಲಿಲ್ಲ. ಆದರೆ ನನ್ನ ಎರಡನೇ ಪ್ರಶ್ನೆ ಹಾಗೇ ಉಳಿದಿದೆ. ಖಾಲಿ ಗೋರಿ ಅಂದರೆ ಮೋಸವೇ?

ಗೋಧೂಳಿ

ಖಂಡಿತ ಅಲ್ಲ. ಥುಸಿಡಿಡೀಸನ ಎರಡನೇ ಪುಸ್ತಕದ 34ನೇ ಭಾಗ ಓದಿ. ಯುದ್ಧದಲ್ಲಿ ಸತ್ತವರಿಗಾಗಿ ಅಥೆನ್ಸಿನ ಮುಂದಾಳು ಪೆರಿಕ್ಲೀಸ್ ಮಾಡಿದ ಭಾಷಣವನ್ನು ಎಲ್ಲರೂ ಓದುತ್ತಾರೆ, ಅದಕ್ಕೆ ಮುಂಚೆ ಬರುವ ಈ ಪುಟ್ಟ ವಿವರಣೆಯನ್ನು ದಾಟಿಬಿಡುತ್ತಾರೆ.

ಅಥೆನ್ಸಿಗೂ ಸ್ಪಾರ್ಟಾಕ್ಕೂ ಕ್ರಿ.ಪೂ. 431ರಲ್ಲಿ ಶುರುವಾದ ಪೆಲೊಪೊನೀಸಿಯನ್ ಯುದ್ಧದ ಮೊದಲ ವರ್ಷದ ಚಳಿಗಾಲ. ಸತ್ತವರ ಮೂಳೆಗಳನ್ನು ಒಂದು ಡೇರೆಯೊಳಗೆ ಇಡುತ್ತಾರೆ. ಮನೆಯವರು ಬಂದು ತಮ್ಮ ತಮ್ಮವರಿಗೆ ಏನು ಬೇಕೋ ಅರ್ಪಿಸುತ್ತಾರೆ. ಮೂರನೇ ದಿನ ಮೆರವಣಿಗೆ. ಅಥೆನ್ಸಿನಲ್ಲಿದ್ದ ಹತ್ತು ಪಂಗಡಗಳಿಗೆ ಪಂಗಡಕ್ಕೊಂದರಂತೆ ಸೈಪ್ರೆಸ್ ಮರದ ಪೆಟ್ಟಿಗೆ, ಗಾಡಿಗಳ ಮೇಲೆ. ಆ ಪೆಟ್ಟಿಗೆಗಳ ಜೊತೆ ಹಾಸಿಗೆ ಹಾಸಿದ ಒಂದು ಖಾಲಿ ಚಟ್ಟವನ್ನೂ ಹೊತ್ತು ತರುತ್ತಾರೆ. ಹುಡುಕಿಯೂ ಸಿಗದವರಿಗಾಗಿ ಅದು. ಮನೆಯ ಹೆಂಗಸರು ಗೋರಿಯ ಬಳಿ ನಿಂತು ಅಳುತ್ತಾರೆ.

ಥುಸಿಡಿಡೀಸ್ ಇದರ ಬಗ್ಗೆ ಒಂದು ವಿಶೇಷಣವನ್ನೂ ಬಳಸುವುದಿಲ್ಲ. ಹಾಸಿಗೆ ಹಾಸಿತ್ತು, ಖಾಲಿ ಇತ್ತು, ಹೊತ್ತು ತಂದರು, ಅಷ್ಟೇ. ಊರೆಲ್ಲ ನೋಡುವ ಹಾಗೆ, ಖಾಲಿ ಎಂದು ಗೊತ್ತಿದ್ದೂ ಹೊತ್ತು ತಂದದ್ದು. ಇದರಲ್ಲಿ ಯಾರನ್ನೂ ನಂಬಿಸುವ ಉದ್ದೇಶವಿಲ್ಲ. ಸಿಗದ ಮಗನ ತಾಯಿಗೂ ಅಳಲು ಒಂದು ಜಾಗ ಸಿಕ್ಕಿತು.

ಕಡಲದಾರಿ

ಈ ಖಾಲಿ ಚಟ್ಟದ ವಿಷಯ ಓದಿ ಕೈ ಕೀಬೋರ್ಡಿನ ಮೇಲೆ ನಿಲ್ಲಲಿಲ್ಲ. ನಮ್ಮ ಕರಾವಳಿಯಲ್ಲಿ ದೋಣಿ ಮಗುಚಿ ಹೆಣ ಸಿಗದೇ ಹೋದರೆ ಕೆಲವು ಮನೆಗಳಲ್ಲಿ ದರ್ಭೆಯಲ್ಲಿ ಮನುಷ್ಯನ ಆಕಾರ ಮಾಡಿ ಅದಕ್ಕೇ ಸಂಸ್ಕಾರ ಮಾಡುತ್ತಾರೆ. ಅದು ಮುಗಿಯುವವರೆಗೆ ಮನೆಯವರು ಬಾಗಿಲ ಕಡೆಯೇ ನೋಡುತ್ತಾ ಇರುತ್ತಾರೆ. ಹಾಗಾಗಿ ಗ್ರೀಕರ ಕಡಲ ಗೋರಿಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ.

ಕೊರ್ಫು ದ್ವೀಪದಲ್ಲಿ ಮೆನೆಕ್ರಟೀಸ್ ಎಂಬಾತನ ಗೋರಿ ಇದೆ, ಸುಮಾರು ಕ್ರಿ.ಪೂ. 600ರದ್ದು. 1843ರಲ್ಲಿ ಹಳೇ ಕೋಟೆಯೊಂದನ್ನು ಕೆಡವುವಾಗ ಸಿಕ್ಕಿತು. ದುಂಡಗಿನ ಕಲ್ಲಿನ ಕಟ್ಟಡ. ಅದರ ಸುತ್ತ ಒಂದೇ ಸಾಲಾಗಿ ಪದ್ಯ ಕೊರೆದಿದ್ದಾರೆ. ಈತ ಒಯಾಂಥಿಯಾ ಊರಿನವ, ಕೊರ್ಫುವಿನ ಜನರಿಗೆ ಪ್ರಾಕ್ಸಿನಸ್ ಆಗಿದ್ದ, ಅವರಿಗೆ ಬೇಕಾದವನು, ಕಡಲಿನಲ್ಲಿ ಸತ್ತ. ತಮ್ಮನೋ ಅಣ್ಣನೋ ಪ್ರಾಕ್ಸಿಮೆನೀಸ್ ಹುಟ್ಟೂರಿನಿಂದ ಬಂದು ಇಲ್ಲಿನ ಜನರ ಜೊತೆ ಸೇರಿ ಇದನ್ನು ಕಟ್ಟಿದ. ಪ್ಲಾಟಿಯಾದಲ್ಲಿ ಈಜಿನಾದ ದಿಬ್ಬ ಎಬ್ಬಿಸಿದ ಕ್ಲಿಯಾಡೀಸನೂ ಪ್ರಾಕ್ಸಿನಸ್ಸೇ. ಪರ ಊರಿನ ಗೋರಿ ಕಟ್ಟಿಸಿ ನೋಡಿಕೊಳ್ಳಲು ಆ ಊರಿನಲ್ಲಿ ಒಬ್ಬ ಬೇಕಲ್ಲ.

ಯೂರಿಪಿಡೀಸನ ‘ಹೆಲೆನ್’ ನಾಟಕದಲ್ಲಿಯೂ ಇದೇ ವಿಧಿ ಇದೆ. ಗಂಡ ಕಡಲಿನಲ್ಲಿ ಸತ್ತ ಎಂದು ಹೆಲೆನ್ ಈಜಿಪ್ಟಿನ ರಾಜನಿಗೆ ಹೇಳುತ್ತಾಳೆ. ನಮ್ಮವರಲ್ಲಿ ಹೀಗೆ ಸತ್ತವರಿಗೆ ಬರೀ ಬಟ್ಟೆಯಲ್ಲಿ, ಕಡಲ ಮೇಲೆಯೇ ಉತ್ತರಕ್ರಿಯೆ ಮಾಡುವ ಪದ್ಧತಿ ಇದೆ ಎಂದು ಒಂದು ಹಡಗು ಕೇಳುತ್ತಾಳೆ. ಗಂಡ ಪಕ್ಕದಲ್ಲೇ ಜೀವಂತ ನಿಂತಿದ್ದಾನೆ! ಇಬ್ಬರೂ ಆ ಹಡಗಿನಲ್ಲಿ ತಪ್ಪಿಸಿಕೊಳ್ಳುತ್ತಾರೆ.

ಗೋಧೂಳಿ

ಆ ನಾಟಕ ಆಡಿದ ವರ್ಷ ಕ್ರಿ.ಪೂ. 412. ಅದರ ಹಿಂದಿನ ವರ್ಷವೇ ಅಥೆನ್ಸಿನ ದೊಡ್ಡ ಸೇನೆ ಸಿಸಿಲಿಯಲ್ಲಿ ನಾಶವಾಗಿತ್ತು. ಸಿರಕ್ಯೂಸ್‌ನಿಂದ ಹಿಂದೆ ಸರಿಯುವಾಗ ಸತ್ತವರನ್ನು ಹೂಳಲಾಗದೆ ಬಿಟ್ಟುಬಂದದ್ದು, ತನ್ನವನ ಹೆಣ ಅಲ್ಲೇ ಬಿದ್ದಿರುವುದನ್ನು ಕಂಡವರ ಸಂಕಟ, ಸೆರೆ ಸಿಕ್ಕವರು ಕಲ್ಲುಗಣಿಯಲ್ಲಿ ಹೆಣಗಳ ರಾಶಿಯ ಪಕ್ಕದಲ್ಲೇ ದಿನ ಕಳೆದದ್ದು, ಇವೆಲ್ಲ ಥುಸಿಡಿಡೀಸನ ಏಳನೇ ಪುಸ್ತಕದಲ್ಲಿವೆ. ರಂಗದ ಮುಂದೆ ಕೂತವರಲ್ಲಿ ಎಷ್ಟೋ ಜನರಿಗೆ ಖಾಲಿ ಬಟ್ಟೆಯ ಉತ್ತರಕ್ರಿಯೆ ಹೊಸದಾಗಿರಲಿಲ್ಲ.

ಆ ಸೇನೆಯ ದಂಡನಾಯಕ ನಿಕಿಯಸನ ಬಗ್ಗೆ ಒಂದು ಸಂಗತಿ ಹೇಳಲೇಬೇಕು. ಕ್ರಿ.ಪೂ. 425ರಲ್ಲಿ ಕೊರಿಂಥಿನ ನೆಲದಲ್ಲಿ ಗೆದ್ದು ಹಡಗು ಹತ್ತುವಾಗ ಎರಡು ಹೆಣ ಹಿಂದೆ ಉಳಿದದ್ದು ಗೊತ್ತಾಯಿತು. ದೂತನನ್ನು ಕಳಿಸಿ ವೈರಿಗಳ ಅನುಮತಿ ಕೇಳಿ ಆ ಎರಡನ್ನೂ ತರಿಸಿದ. ಗ್ರೀಕರಲ್ಲಿ ಹೆಣ ಕೇಳಿ ಪಡೆಯುವುದೆಂದರೆ ಸೋಲು ಒಪ್ಪಿದಂತೆ. ಎರಡು ಹೆಣಕ್ಕಾಗಿ ಗೆಲುವಿನ ಹಕ್ಕು ಬಿಟ್ಟವನು ಅದೇ ಮನುಷ್ಯ. ಸಿಸಿಲಿಯಲ್ಲಿ ಅವನ ಸೇನೆ ಸಾವಿರಾರು ಜನರನ್ನು ಬಯಲಲ್ಲೇ ಬಿಟ್ಟು ನಡೆಯಬೇಕಾಯಿತು.

ಕಡಲದಾರಿ

ಆರ್ಗಿನುಸೆಯನ್ನೂ ಸೇರಿಸಿ. ಕ್ರಿ.ಪೂ. 406. ಅಥೆನ್ಸಿನವರು ಕಡಲ ಕಾಳಗ ಗೆದ್ದರು, ಆದರೆ 25 ಹಡಗು ಕಳೆದುಕೊಂಡರು. ಒಂದು ಟ್ರೈರೀಮ್ ಹಡಗಿನಲ್ಲಿ ಸುಮಾರು 200 ಜನ. ಬಿರುಗಾಳಿ ಎದ್ದದ್ದರಿಂದ ನೀರಿಗೆ ಬಿದ್ದವರನ್ನು ಎತ್ತಲಾಗಲಿಲ್ಲ. ಗೆದ್ದು ಬಂದ ದಂಡನಾಯಕರ ಮೇಲೆಯೇ ಊರು ತಿರುಗಿಬಿತ್ತು. ಎಂಟು ಜನರಿಗೆ ಮರಣದಂಡನೆ ವಿಧಿಸಿದರು, ಕೈಗೆ ಸಿಕ್ಕ ಆರು ಜನರನ್ನು ಕೊಂದರು. ಎಲ್ಲರನ್ನೂ ಒಂದೇ ಮತದಲ್ಲಿ ವಿಚಾರಿಸುವುದು ಕಾನೂನಿಗೆ ವಿರುದ್ಧ ಎಂದು ಅಂದು ಸಭೆಯಲ್ಲಿ ತಡೆದವನು ಸಾಕ್ರೆಟೀಸ್. ಕೇಳಲಿಲ್ಲ.

ಹಳೆಯ ಪಾಠ

ಆರ್ಗಿನುಸೆಯ ಕಥೆ ಹೇಳಿದ ಇತಿಹಾಸಕಾರ ಜೆನೊಫೋನನೇ ಖಾಲಿ ಗೋರಿಯ ಬಗ್ಗೆ ಇನ್ನೊಂದು ಕಡೆ ಬರೆದಿದ್ದಾನೆ. ಅಲ್ಲಿ ಅವನು ಕೇಳಿ ಬರೆದವನಲ್ಲ, ಜೊತೆಯಲ್ಲೇ ಇದ್ದವನು. ಪರ್ಷಿಯಾದಿಂದ ಮರಳುತ್ತಿದ್ದ ಗ್ರೀಕ್ ಸೈನಿಕರು ಕಪ್ಪು ಸಮುದ್ರದ ದಡದ ಕಾಲ್ಪೆಗೆ ಬಂದಿದ್ದಾರೆ. ಅದಕ್ಕೆ ಸ್ವಲ್ಪ ಮುಂಚೆ ಆರ್ಕೇಡಿಯಾದ ಗುಂಪು ಬೇರೆಯಾಗಿ ಲೂಟಿಗೆ ಹೋಗಿ ಅದರಲ್ಲಿ ಅನೇಕರು ಥ್ರೇಸಿಯನ್ನರ ಕೈಗೆ ಸಿಕ್ಕಿ ಹತರಾಗಿದ್ದರು. ಹೂಳಲು ಹೋಗುವಾಗ ಹೆಣಗಳಿಗೆ ಐದು ದಿನ ಆಗಿತ್ತು, ಎತ್ತಿ ತರುವ ಸ್ಥಿತಿಯಲ್ಲಿರಲಿಲ್ಲ. ಬಿದ್ದಲ್ಲೇ ಹೂಳಿದರು. ದಾರಿಯಲ್ಲಿ ಸಿಕ್ಕವರನ್ನು ಒಟ್ಟುಮಾಡಿ ತಮ್ಮ ಕೈಲಾದಷ್ಟು ಚೆನ್ನಾಗಿ ಸಂಸ್ಕಾರ ಮಾಡಿದರು. ಸಿಗದೇ ಹೋದವರಿಗಾಗಿ ಒಂದು ದೊಡ್ಡ ಖಾಲಿ ಗೋರಿ ಎಬ್ಬಿಸಿ ಅದರ ಮೇಲೆ ಹೂಮಾಲೆ ಇಟ್ಟರು.

ಕೂಲಿ ಸೈನಿಕರು ಇವರು. ಆ ದಡಕ್ಕೆ ಮತ್ತೆ ಬರುವವರಲ್ಲ. ನೋಡಿ ಹೊಗಳಲು ಹಿಂದೆ ಊರೂ ಇಲ್ಲ. ಆದರೂ ಕಟ್ಟಿದರು.

ನಗರವಾಸಿ

ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ಬೆಂಗಳೂರಿನ ನೃಪತುಂಗ ರಸ್ತೆಗೆ ಹಿಂದೆ ಸೆನೊಟಾಫ್ ರಸ್ತೆ ಎಂದಿದ್ದ ಹೆಸರು ‘ಖಾಲಿ ಗೋರಿ’ ಎಂಬ ಅರ್ಥದ ಗ್ರೀಕ್ ಪದದಿಂದಲೇ ಬಂದದ್ದಲ್ಲವೇ? 1791ರ ಬೆಂಗಳೂರು ಮುತ್ತಿಗೆಯಲ್ಲಿ ಬ್ರಿಟಿಷರ ಕಡೆ ಸತ್ತವರ ನೆನಪಿಗೆ ಅಲ್ಲಿ ಒಂದು ಕಂಬ ಇತ್ತು. ಕನ್ನಡ ಹೋರಾಟಗಾರರ ಒತ್ತಾಯದ ಮೇಲೆ 1964ರಲ್ಲಿ ಅದನ್ನು ಕೆಡವಿದರು.

ಹಳೆಯ ಪಾಠ

ಹೌದು, ಅದೇ. ಗೆದ್ದವರು ನಿಲ್ಲಿಸಿದ ಕಂಬವನ್ನು ಆ ನೆಲದ ಜನ ಎಷ್ಟು ದಿನ ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆ ಪ್ಲಾಟಿಯಾಕ್ಕೂ ಸೇರಿದ್ದು. ಅಲ್ಲಿಯ ದಿಬ್ಬಗಳೆಲ್ಲ ಪ್ಲಾಟಿಯಾದವರ ನೆಲದಲ್ಲಿ, ಅವರ ದೇಖರೇಖಿಯಲ್ಲಿ ಇದ್ದವು. ವರ್ಷಕ್ಕೊಮ್ಮೆ ಅವರು ಸತ್ತವರಿಗೆ ಬಟ್ಟೆಯನ್ನೂ ಹೊಸ ಬೆಳೆಯನ್ನೂ ಅರ್ಪಿಸುತ್ತಿದ್ದರು.

ಪ್ಲುಟಾರ್ಕನ ಕಾಲದಲ್ಲೂ ಆ ಪೂಜೆ ನಿಂತಿರಲಿಲ್ಲ, ಅವನು ಅದನ್ನು ವಿವರವಾಗಿ ಬರೆದಿದ್ದಾನೆ. ಊರಿನ ಮುಖ್ಯ ಅಧಿಕಾರಿ ವರ್ಷವೆಲ್ಲ ಬಿಳಿ ಬಟ್ಟೆ ಬಿಟ್ಟು ಬೇರೆ ಉಡುವಂತಿಲ್ಲ, ಕಬ್ಬಿಣ ಮುಟ್ಟುವಂತಿಲ್ಲ. ಆ ಒಂದು ದಿನ ಮಾತ್ರ ಕೆಂಪು ನಿಲುವಂಗಿ ತೊಟ್ಟು, ಕೈಯಲ್ಲಿ ಕತ್ತಿ ಹಿಡಿದು, ದಾಖಲೆ ಇಡುವ ಮನೆಯಿಂದ ನೀರಿನ ಕೊಡ ತೆಗೆದುಕೊಂಡು ಊರ ನಡುವೆ ನಡೆದು ಗೋರಿಗಳಿಗೆ ಹೋಗುತ್ತಾನೆ. ಚಿಲುಮೆಯ ನೀರು ತಂದು ಗೋರಿಗಲ್ಲುಗಳನ್ನು ತಾನೇ ತೊಳೆಯುತ್ತಾನೆ, ಸುಗಂಧ ತೈಲ ಹಚ್ಚುತ್ತಾನೆ. ಹೋರಿಯನ್ನು ಬಲಿ ಕೊಟ್ಟು ಸತ್ತ ವೀರರನ್ನು ಊಟಕ್ಕೆ ಕರೆಯುತ್ತಾನೆ. ಗ್ರೀಕರ ಸ್ವಾತಂತ್ರ್ಯಕ್ಕಾಗಿ ಸತ್ತವರಿಗೆ ಎಂದು ದ್ರಾಕ್ಷಾರಸ ಅರ್ಪಿಸುತ್ತಾನೆ. ಆ ಪುಟವನ್ನು ಬರೆದದ್ದಕ್ಕಾಗಿ ಪ್ಲುಟಾರ್ಕನ ಉಳಿದ ಮುನಿಸನ್ನೆಲ್ಲ ನಾನು ಬದಿಗಿಡುತ್ತೇನೆ.

ಬೆಳವಲ

ಇದಾದ ಮ್ಯಾಲೆ ಕ್ರಿ.ಪೂ. 427ರ ಕಥಿ ಹೇಳದ ಇದ್ರ ಪ್ಲಾಟಿಯಾದವರಿಗೆ ಅನ್ಯಾಯ ಆಗತೈತಿ. ಸ್ಪಾರ್ಟಾದವರು ಮುತ್ತಿಗಿ ಹಾಕಿ ಊರು ಹಿಡದ್ರು. ಪ್ಲಾಟಿಯಾದವರು ಕಡೀ ಮಾತು ಅಂತ ಬೇಡಕೋತಾರ: ನಿಮ್ಮ ಅಪ್ಪಂದಿರ ಗೋರಿ ನೋಡ್ರಿ, ವರ್ಷಾ ವರ್ಷಾ ನಾವು ಪೂಜಿ ಮಾಡಕೊಂಡು ಬಂದೇವಿ, ನಮ್ಮನ್ನ ಕೊಂದು ಈ ನೆಲಾ ಥೀಬ್ಸಿನವರಿಗೆ ಕೊಟ್ರ ನಿಮ್ಮವರನ್ನ ಕೊಂದವರ ನಡುವ ಬಿಟ್ಟಂಗ ಆಗತೈತಿ. ಥುಸಿಡಿಡೀಸನ ಮೂರನೇ ಪುಸ್ತಕ, 58ನೇ ಭಾಗ. ಸ್ಪಾರ್ಟಾದವರು ಒಬ್ಬೊಬ್ಬರನ್ನ ಕರದು ಒಂದ ಪ್ರಶ್ನಿ ಕೇಳಿದ್ರು, ಈ ಯುದ್ಧದಾಗ ನಮಗ ಏನು ಉಪಕಾರ ಮಾಡೀರಿ ಅಂತ. ಇಲ್ಲ ಅಂದವರನ್ನ ಎಳದು ಒಯ್ದು ಕಡದ್ರು. 200ಕ್ಕ ಕಡಿಮಿ ಇಲ್ಲದಷ್ಟು ಪ್ಲಾಟಿಯಾದವರು, ಅಥೆನ್ಸಿನವರು 25. ಒಳಗ ಸ್ಪಾರ್ಟಾದವರ ಎಲುಬು ಇದ್ದ ಗೋರೀನೂ ಅವತ್ತ ಯಾರನ್ನೂ ಉಳಸಲಿಲ್ಲ.

ಕಲ್ಲುಹುಡುಕ

ಮುಂದೆ ಕ್ರಿ.ಶ. ಎರಡನೇ ಶತಮಾನದಲ್ಲಿ ಪ್ರವಾಸಿ ಪೌಸೇನಿಯಸ್ (ದಂಡನಾಯಕನಲ್ಲ, ಬೇರೆಯವನು) ಅಲ್ಲಿಗೆ ಹೋದ. ಊರಿನೊಳಗೆ ಹೋಗುವ ದಾರಿಯ ಹತ್ತಿರ ಗೋರಿಗಳನ್ನು ಕಂಡ. ಸ್ಪಾರ್ಟಾದವರಿಗೆ ಒಂದು, ಅಥೆನ್ಸಿನವರಿಗೆ ಒಂದು, ಮೇಲೆ ಸಿಮೊನಿಡೀಸನ ಪದ್ಯ. ಉಳಿದ ಗ್ರೀಕರೆಲ್ಲರಿಗೂ ಸೇರಿ ಒಂದೇ ಗೋರಿ ಎಂದು ಬರೆದಿದ್ದಾನೆ. ಈಜಿನಾದ ದಿಬ್ಬದ ಮಾತೇ ಇಲ್ಲ. ಮುಂದೆ ಬರುವವರಿಗಾಗಿ ಕಟ್ಟಿದ ದಿಬ್ಬಗಳಿಗೆ ಆರು ಶತಮಾನ ದಾಟುವುದಾಗಲಿಲ್ಲ.

ಅಗೆದು ನೋಡಿದರೆ ಇತಿಹಾಸಕಾರನ ಮಾತು ನಿಲ್ಲುತ್ತದೆಯೇ ಎಂದು ಕೇಳುವವರಿಗೆ ಎರಡು ಉದಾಹರಣೆ. ಕ್ರಿ.ಪೂ. 490ರಲ್ಲಿ ಪರ್ಷಿಯನ್ನರ ಜೊತೆ ಕಾದಿ ಸತ್ತ ಅಥೆನ್ಸಿನವರ ಮ್ಯಾರಥಾನ್ ದಿಬ್ಬವನ್ನು 1890ರಲ್ಲಿ ವಲೇರಿಯೋಸ್ ಸ್ಟೈಸ್ ಅಗೆಯಲು ಶುರುಮಾಡಿದಾಗ ಒಳಗೆ ಬೂದಿ, ಸುಟ್ಟ ಮೂಳೆ, ಆ ಕಾಲದ ಕುಡಿಕೆಗಳು ಸಿಕ್ಕವು. ಅದು ತುಂಬಿದ ಗೋರಿ. ಇನ್ನೊಂದು ಸೈಪ್ರಸ್‌ನ ಸಲಾಮಿಸ್ ಊರಿನದು (ಕಡಲ ಕಾಳಗದ ಸಲಾಮಿಸ್ ಬೇರೆ). 1960ರ ದಶಕದಲ್ಲಿ ಒಂದು ದೊಡ್ಡ ದಿಬ್ಬ ಅಗೆದಾಗ ಇಟ್ಟಿಗೆಯ ಜಗಲಿ, ಅದರ ಮೇಲೆ ಚಿತೆ ಸುಟ್ಟ ಗುರುತು, ಬೆಂಕಿಯಲ್ಲಿ ಬೆಂದ ಮಣ್ಣಿನ ಮನುಷ್ಯ ತಲೆಗಳು ಸಿಕ್ಕವು. ಒಂದು ಮೂಳೆಯೂ ಇಲ್ಲ.

ಇದಕ್ಕೆ ಜೋಡಿಯಾಗಿ ಇತಿಹಾಸಕಾರ ಡಯೊಡೋರಸನ ಇಪ್ಪತ್ತನೇ ಪುಸ್ತಕದಲ್ಲಿ ಒಂದು ಕಥೆ ಇದೆ. ಈಜಿಪ್ಟನ್ನು ಆಳುತ್ತಿದ್ದ ಟಾಲೆಮಿಯ ಸೈನಿಕರು ಅರಮನೆಯನ್ನು ಸುತ್ತುವರಿದಾಗ ಸೈಪ್ರಸ್‌ನ ಒಬ್ಬ ರಾಜ ತನ್ನ ಜೀವ ತಾನೇ ತೆಗೆದುಕೊಂಡ. ರಾಣಿ ಆಕ್ಸಿಯೋಥಿಯಾ ತನ್ನ ಹೆಣ್ಣುಮಕ್ಕಳನ್ನು ಕೊಂದು ತಾನೂ ಸತ್ತಳು. ರಾಜನ ತಮ್ಮಂದಿರು ಅರಮನೆಗೆ ಬೆಂಕಿ ಹಚ್ಚಿ ಒಳಗೇ ಸತ್ತರು. ಡಯೊಡೋರಸ್ ಅವನನ್ನು ಪಾಫೋಸ್‌ನ ನಿಕೊಕ್ಲೀಸ್ ಎನ್ನುತ್ತಾನೆ. ಅನೇಕ ವಿದ್ವಾಂಸರ ಅಭಿಪ್ರಾಯದಲ್ಲಿ ಅವನು ಸಲಾಮಿಸ್‌ನ ನಿಕೊಕ್ರಿಯೋನ್, ಮತ್ತು ಆ ಮಣ್ಣಿನ ತಲೆಗಳ ಚಿತೆ ಅವನ ಕುಟುಂಬಕ್ಕಾಗಿ ಊರು ಮಾಡಿದ ಖಾಲಿ ಸಂಸ್ಕಾರ.

ತುಂಗಾತೀರ

ಎಷ್ಟೊಂದು ಸಿಕ್ಕಿತು! ಹಾಗಾದರೆ ಕೊನೆಯದಾಗಿ ಕೇಳುತ್ತೇನೆ. ನೋಡುವವನಿಗೆ ಯಾವುದು ದುಃಖದ ಖಾಲಿ ಗೋರಿ, ಯಾವುದು ತೋರಿಕೆಯದು ಎಂದು ಗೊತ್ತಾಗುವ ಬಗೆ ಏನಾದರೂ ಇತ್ತೇ?

ಹಳೆಯ ಪಾಠ

ಅಥೆನ್ಸಿನಲ್ಲಿ ಇತ್ತು, ಅದರ ಸುದ್ದಿ ಸಿಗುವುದು ಥುಸಿಡಿಡೀಸನ ಗೋರಿಯ ವಿಷಯದಲ್ಲಿಯೇ. ಅವನ ಜೀವನದ ಬಗ್ಗೆ ಮಾರ್ಸೆಲಿನಸ್ ಎಂಬವನ ಹೆಸರಿನಲ್ಲಿ ಉಳಿದಿರುವ ಹಳೆಯ ಬರಹವೊಂದಿದೆ. ಕ್ರಿ.ಪೂ. 424ರಲ್ಲಿ ಆಂಫಿಪೊಲಿಸ್ ಎಂಬ ಊರು ಅಥೆನ್ಸಿನ ಕೈಬಿಟ್ಟುಹೋದ ಮೇಲೆ, ಅದನ್ನು ಉಳಿಸಲಾಗದ ದಂಡನಾಯಕ ಥುಸಿಡಿಡೀಸ್ ಗಡೀಪಾರಾಗಿ ಇಪ್ಪತ್ತು ವರ್ಷ ಊರಿನಿಂದ ಹೊರಗಿದ್ದವನು. ಅವನು ಥ್ರೇಸಿನಲ್ಲಿ ಸತ್ತನೋ, ಮರಳಿ ಬಂದು ಅಥೆನ್ಸಿನಲ್ಲಿ ಸತ್ತನೋ ಎಂದು ಹಳಬರಲ್ಲೇ ಜಗಳವಿತ್ತು. ಅಥೆನ್ಸಿನಲ್ಲಿ ಕೈಮನ್ ಮನೆತನದ ಗೋರಿಗಳ ಬಳಿ ಅವನದೂ ಒಂದಿತ್ತು. ಹೊರಗೇ ಸತ್ತ ಎನ್ನುವವರು ಕೊಟ್ಟ ಸಾಕ್ಷಿ ಹೀಗಿದೆ: ಆ ಗೋರಿಯ ಮೇಲೆ ಒಂದು ಮರದ ಗುರುತು ನಿಲ್ಲಿಸಿದೆ, ಹೊರನಾಡಿನಲ್ಲಿ ಸತ್ತು ಅಥೆನ್ಸಿನಲ್ಲಿ ಹೂಳದವರ ಖಾಲಿ ಗೋರಿಗೆ ಅಟಿಕಾದಲ್ಲಿ (ಅಥೆನ್ಸಿನ ಸೀಮೆಯಲ್ಲಿ) ಇಡುವ ಗುರುತು ಅದು.

ಹಾಗಾಗಿ ಖಾಲಿ ಇರುವುದನ್ನು ಅಥೆನ್ಸಿನವರು ಮುಚ್ಚಿಡುತ್ತಿರಲಿಲ್ಲ, ಬೀದಿಯಲ್ಲಿ ಹೋಗುವವನಿಗೂ ಹೇಳುತ್ತಿದ್ದರು. ಪ್ಲಾಟಿಯಾದಲ್ಲಿ ಹೆರೊಡೋಟಸನಿಗೆ ಅದು ತಿಳಿದದ್ದು ಕೇಳಿದ ಮೇಲೆ. ನನ್ನ ಮಟ್ಟಿಗೆ ವ್ಯತ್ಯಾಸ ಇರುವುದು ಅಲ್ಲಿ.

ಬೆಳವಲ

ಮೇಷ್ಟ್ರ, ಈಜಿನಾದ ದಿಬ್ಬದ ಮಟ್ಟಿಗೆ ಒಪ್ಪಿದೆ. ಕ್ಲಿಯಾಡೀಸನ ಹೆಸರು ಐತಿ, ಅವರಪ್ಪನ ಹೆಸರು ಐತಿ, ಹತ್ತು ವರ್ಷ ಅನ್ನೂ ಲೆಕ್ಕ ಐತಿ. ಆದ್ರ ‘ಉಳದ ಊರಿನವರೆಲ್ಲ’ ಅಂತ ಒಂದ ಏಟಿಗೆ ಎಲ್ಲಾರನೂ ಸೇರಿಸಿದ್ದು ಒಪ್ಪೂದಿಲ್ಲ. ಕೊರಿಂಥಿನ 5,000 ಮಂದ್ಯಾಗ ಒಬ್ಬನೂ ಸಾಯಲಿಲ್ಲ ಅನ್ನೂದಕ್ಕ ಅವನು ಯಾರ ಹೆಸರನ್ನೂ ಕೊಟ್ಟಿಲ್ಲ. ಲೆಕ್ಕಪತ್ರ ಅವರ 601 ಇನ್ನೂ ನನ್ನ ತಲಿಯಾಗ ಐತಿ.

ತುಂಗಾತೀರ

ಅದನ್ನು ಹಾಗೇ ತೆರೆದಿಡೋಣ, ಬೆಳವಲ ಅವರೇ. ಶನಿವಾರದಿಂದ ಥುಸಿಡಿಡೀಸನ ಮೂರನೇ ಪುಸ್ತಕ, 52ರಿಂದ 68ರವರೆಗೆ ಓದಲು ಶುರು ಮಾಡುತ್ತೇನೆ, ಅದಕ್ಕೆ ಬೇರೆ ಎಳೆ ತೆರೆಯುತ್ತೇನೆ. ಪ್ಲಾಟಿಯಾದವರ ವಾದವನ್ನೂ ಥೀಬ್ಸಿನವರ ಉತ್ತರವನ್ನೂ ಎದುರುಬದುರು ಇಟ್ಟು ಓದಬೇಕೆಂದಿದೆ. ಜೊತೆಗೆ ಓದುವವರು ಇಲ್ಲೇ ಹೆಸರು ಹೇಳಿ.